ಲೆಕ್ಕದ ತಪ್ಪಿಗೆ ಮನೆ ತೋರಿಸಿದವನು

ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೆ ಮಹನೀಯನೊಬ್ಬನ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಅಪ್ಪಣೆ ಮಾಡಿದಾಗ, ಅವರ ಮನಸ್ಸಿನಲ್ಲಿ ಬಸವಣ್ಣನವರೋ ವಿಶ್ವೇಶ್ವರಯ್ಯನವರೋ ಆಲೂರು ವೆಂಕಟರಾಯರೋ ಇದ್ದಿರಬೇಕು. ಅವರ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ನಾನಾದರೋ ಬಿ.ಕಾಂ. ಓದಿ, ಎರಡು ವರ್ಷ ತಿರುವನಂತಪುರದಲ್ಲಿಯೂ ಈಗ ಎರ್ನಾಕುಳದಲ್ಲಿಯೂ ಬ್ಯಾಂಕಿನ ಗುಮಾಸ್ತೆಯಾಗಿ ಕಾಲ ಕಳೆಯುತ್ತಿರುವವನು. ಆದ್ದರಿಂದ ನನ್ನ ಕಸುಬಿಗೆ ಹತ್ತಿರವಾದ ಒಬ್ಬನನ್ನು ಆರಿಸಿಕೊಂಡಿದ್ದೇನೆ. ಆತನ ಹೆಸರು ರಿಚರ್ಡ್ ವೆಸ್ಲಿ ಹ್ಯಾಮಿಂಗ್. ಆತನು ಅಮೆರಿಕಾದವನು, ಗಣಿತಜ್ಞ. ಕನ್ನಡಕ್ಕೂ ಆತನಿಗೂ ಯಾವ ನಂಟೂ ಇಲ್ಲ. ಆದರೆ ತಿಂಗಳ ಮೊದಲ ವಾರ ಕೊಚ್ಚಿಯಿಂದ ಸಾಗರಕ್ಕೋ ಗದಗಿಗೋ ಕುಂಬಳೆಗೋ ತಾಯಿತಂದೆಯರಿಗೆ ಹಣ ಕಳುಹಿಸುವ ನಮ್ಮಂಥ ಪರಸ್ಥಳದ ಸಂಸಾರಗಳ ಮೇಲೆ ಆತನ ಋಣ ಇದ್ದೇ ಇದೆ.

ಈ ಹೆಸರು ನನ್ನ ತಲೆಗೆ ಬರಲು ಒಂದು ಕಾರಣವಿದೆ. ಹೋದ ಮಳೆಗಾಲದ ಒಂದು ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಸಂಘದ ಸದಸ್ಯರೊಬ್ಬರು ಫೋನು ಮಾಡಿದರು. ಕಾಸರಗೋಡು ಕಡೆಯವರು. ಅವರ ತಂದೆಯವರನ್ನು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು. ಮುಂಗಡವಾಗಿ 40,000 ರೂಪಾಯಿ ಕಟ್ಟಬೇಕಾಗಿತ್ತು. ಮೊಬೈಲಿನ ಮೂಲಕ ಕಳುಹಿಸಿದರು. ಇವರ ಖಾತೆಗೆ ಖರ್ಚು ಬಿದ್ದಿತ್ತು; ಆ ಕಡೆ ಜಮೆಯಾಗಿರಲಿಲ್ಲ. ಫೋನಿನ ಮೇಲೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತಂತೆ. ಮತ್ತೊಮ್ಮೆ ಕಳುಹಿಸಲೇ ಬೇಡವೇ ಎಂದು ಅವರು ನನ್ನನ್ನು ಕೇಳಿದರು. ಎರಡನೆಯ ಸಲ ಕಳುಹಿಸಿದ ಮೇಲೆ ಮೊದಲನೆಯದೂ ಹೋಗಿ ಸೇರಿದರೆ 80,000 ಹೋಗುತ್ತದೆ. ಅಷ್ಟು ಹಣ ಅವರ ಬಳಿ ಇರಲಿಲ್ಲ. ಕಳುಹಿಸದೆ ಇದ್ದರೆ ತಂದೆಯವರ ಚಿಕಿತ್ಸೆ ತಡವಾಗುತ್ತದೆ. ಕೊನೆಗೆ ಇನ್ನೊಬ್ಬ ಸದಸ್ಯರು ತಮ್ಮ ಖಾತೆಯಿಂದ ಕಟ್ಟಿದರು. ಇವರ ಹಣ ಮರುದಿನ ಸಂಜೆ ತಾನಾಗಿಯೇ ಹಿಂದಕ್ಕೆ ಬಂದಿತು.

ಆ ರಾತ್ರಿ ನಡೆದದ್ದೇನು? ಹೋಗುವ ಸಂದೇಶ ದಾರಿಯಲ್ಲಿ ಕಳೆದುಹೋಗಿರಬಹುದು. ಅಥವಾ ಸಂದೇಶ ಸೇರಿ, ಸೇರಿತೆಂಬ ಉತ್ತರ ಕಳೆದುಹೋಗಿರಬಹುದು. ಅಥವಾ ಎರಡೂ ಕ್ಷೇಮವಾಗಿದ್ದು ತಡವಾಗಿರಬಹುದು. ಫೋನು ಹಿಡಿದು ನಿಂತವನಿಗೆ ಈ ಮೂರೂ ಒಂದೇ ತೆರನಾಗಿ ಕಾಣುತ್ತವೆ: ಆ ಕಡೆಯಿಂದ ಮೌನ. ರಿಜಿಸ್ಟರ್ ಅಂಚೆಯ ಸ್ವೀಕೃತಿ ಪತ್ರ ಬಾರದಿದ್ದಾಗ ಕಾಗದ ಮುಟ್ಟಲಿಲ್ಲವೋ, ಸಹಿ ಹಾಕಿದ ಪತ್ರವೇ ಹಿಂದಿರುಗುವಾಗ ಕಳೆಯಿತೋ ಎಂದು ಹೇಳಲಾಗದಲ್ಲ, ಹಾಗೆಯೇ. ಇದಕ್ಕಾಗಿಯೇ ಪ್ರತಿಯೊಂದು ರವಾನೆಗೂ ಒಂದು ನಂಬರು ಕೊಡುತ್ತಾರೆ. ಅದೇ ನಂಬರಿನ ಸಂದೇಶವನ್ನು ಯಂತ್ರ ಹತ್ತು ಸಲ ಕಳುಹಿಸಿದರೂ ಲೆಕ್ಕಕ್ಕೆ ಹಿಡಿಯುವುದು ಒಂದೇ ಸಲ. ಆದರೆ ಗಾಬರಿಯಲ್ಲಿ ನಾವೇ ಹೊಸದಾಗಿ ಗುಂಡಿ ಒತ್ತಿದರೆ ನಂಬರೂ ಹೊಸದಾಗುತ್ತದೆ. ಆದುದರಿಂದಲೇ ತಡೆಯಿರಿ ಎಂದು ನಾನು ಹೇಳಿದೆ. ಇದನ್ನೆಲ್ಲ ಕೇಳಿದ ಮೇಲೆ ಆ ಸದಸ್ಯರು ಇನ್ನೊಂದು ಪ್ರಶ್ನೆ ಹಾಕಿದರು: ಮೊದಲ ಸಲವೇ ಸರಿಯಾಗಿ ಮುಟ್ಟಿಸುವ ಹಾಗೆ ಏಕೆ ಮಾಡಲಾಗುವುದಿಲ್ಲ? ಆಗ ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಹ್ಯಾಮಿಂಗನ ಕಥೆಯೇ ಆ ಉತ್ತರ.

ಮೊದಲು ಒಂದು ಮಾತು. ತಂತಿಯಾಗಲಿ ಗಾಜಿನ ಎಳೆಯಾಗಲಿ ಗಾಳಿಯಾಗಲಿ, ಸಂದೇಶ ಹೋಗುವ ಯಾವ ದಾರಿಯೂ ನಿರ್ದೋಷವಲ್ಲ. 2002ರಲ್ಲಿ ಕೊಚ್ಚಿಯ ಕಡಲತಡಿಗೆ ‘ಸೇಫ್’ ಎಂಬ ಸಮುದ್ರತಳದ ಕೇಬಲ್ಲು ಬಂದಿತು. ಒಂದು ತುದಿ ದಕ್ಷಿಣ ಆಫ್ರಿಕಾ, ಇನ್ನೊಂದು ತುದಿ ಮಲೇಷಿಯಾ. ಇಂಥ ಕೇಬಲ್ಲಿನಲ್ಲಿ ಹೋಗುವುದು ಬೆಳಕಿನ ಮಿಣುಕು ಮಾತ್ರ. ಮಿಣುಕು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸಾವಿರಾರು ಮೈಲಿ ಕಳೆಯುವುದರೊಳಗೆ ಬೆಳಕು ಮಸಕಾಗಿ, ಒಂದು ಹೋಗಿ ಸೊನ್ನೆಯಾಗುವುದೂ ಸೊನ್ನೆ ಹೋಗಿ ಒಂದಾಗುವುದೂ ಉಂಟು. ಹಣದ ಮೊತ್ತದಲ್ಲಿ ಅಂಥ ಒಂದೇ ಒಂದು ಅದಲುಬದಲು ಏನು ಮಾಡೀತೆಂಬುದನ್ನು ಕ್ಯಾಷಿನಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ.

ಹ್ಯಾಮಿಂಗನು ಷಿಕಾಗೊ ನಗರದಲ್ಲಿ 1915ನೆಯ ಇಸವಿ ಫೆಬ್ರವರಿ 11ರಂದು ಹುಟ್ಟಿದನು. ತಂದೆ ಕ್ರೆಡಿಟ್ ಮ್ಯಾನೇಜರು. ಎಂದರೆ ಯಾರಿಗೆ ಎಷ್ಟು ಕಡ ಕೊಡಬಹುದೆಂದು ತೂಗಿ ನೋಡುವ ಉದ್ಯೋಗ. ಇದನ್ನು ಓದಿದಾಗ ನನಗೆ ಏನೋ ಸಲಿಗೆ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಹುಡುಗನಿಗೆ ಎಂಜಿನಿಯರ್ ಆಗಬೇಕೆಂಬ ಆಸೆ. ಆದರೆ ಅದು 1929ರ ಮುಗ್ಗಟ್ಟಿನ ನಂತರದ ಕಾಲ, ಕೈಯಲ್ಲಿ ಕಾಸಿಲ್ಲ. ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಷಿಕಾಗೊ ವಿಶ್ವವಿದ್ಯಾನಿಲಯ ಒಂದೇ, ಅಲ್ಲಿಯೋ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹೀಗೆ ಬೇರೆ ಗತಿಯಿಲ್ಲದೆ ಗಣಿತ ಹಿಡಿದು 1937ರಲ್ಲಿ ಪದವೀಧರನಾದನು. ಹಣದ ಅಡಚಣೆಯಿಂದ ಬಯಸಿದ ವಿದ್ಯೆ ತಪ್ಪಿಹೋದ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಎಂಜಿನಿಯರ್ ಆಗಿದ್ದರೆ ತಾನು ಚರಂಡಿ ಗುಂಡಿಗಳಲ್ಲಿ ಇಳಿದು ಹತ್ತುತ್ತಿದ್ದೆನೇ ಹೊರತು ಈ ಸಂಶೋಧನೆಯ ಸೊಗಸು ತನಗೆ ಸಿಕ್ಕುತ್ತಿರಲಿಲ್ಲವೆಂದು ಆತನು ಮುಂದೆ ನಗುತ್ತ ಹೇಳುತ್ತಿದ್ದನು. ನೆಬ್ರಾಸ್ಕದಲ್ಲಿ 1939ರಲ್ಲಿ ಎಂ.ಎ., ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1942ರಲ್ಲಿ ಡಾಕ್ಟರೇಟು. ಅದೇ ವರ್ಷ ಸಹಪಾಠಿಯಾಗಿದ್ದ ವಾಂಡಾ ಲಿಟಲ್ ಎಂಬಾಕೆಯೊಡನೆ ವಿವಾಹ. ಆಮೇಲೆ ಸ್ವಲ್ಪ ಕಾಲ ಮೇಷ್ಟರ ಕೆಲಸ.

1945ರ ಏಪ್ರಿಲಿನಲ್ಲಿ ಆತನಿಗೆ ಲಾಸ್ ಅಲಾಮೋಸಿನಿಂದ ಕರೆ ಬಂದಿತು. ಪರಮಾಣು ಬಾಂಬು ತಯಾರಾಗುತ್ತಿದ್ದ ಗುಟ್ಟಿನ ಊರು ಅದು. ಅಲ್ಲಿ ಆತನ ಕೆಲಸ ಬಾಂಬು ಮಾಡುವುದಲ್ಲ. ಭೌತವಿಜ್ಞಾನಿಗಳು ಕೊಟ್ಟ ಸಮೀಕರಣಗಳನ್ನು ಲೆಕ್ಕದ ಯಂತ್ರಗಳಿಗೆ ಹಾಕಿ ಅವು ನಿಲ್ಲದಂತೆ ನೋಡಿಕೊಳ್ಳುವುದು. ತನ್ನನ್ನು ಆತನು ಯಂತ್ರಗಳ ಜಾಡಮಾಲಿಯೆಂದು ಕರೆದುಕೊಳ್ಳುತ್ತಿದ್ದನು. ವಾಂಡಾ ಸಹ ಅಲ್ಲಿಯೇ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದಳು. ಪರೀಕ್ಷಾ ಸ್ಫೋಟಕ್ಕೆ ಕೆಲವೇ ಕಾಲ ಮುಂಚೆ ಒಬ್ಬನು ಬಂದು ಒಂದು ಲೆಕ್ಕವನ್ನು ತಾಳೆ ನೋಡಿಕೊಡಬೇಕೆಂದು ಕೇಳಿದನು. ಯಾವುದರ ಲೆಕ್ಕವೆಂದು ಹ್ಯಾಮಿಂಗನು ವಿಚಾರಿಸಿದಾಗ, ಬಾಂಬಿನ ಬೆಂಕಿಗೆ ಇಡೀ ಭೂಮಂಡಲದ ವಾಯುವೇ ಹೊತ್ತಿಕೊಂಡೀತೇ ಎಂಬುದರ ಲೆಕ್ಕವೆಂದು ತಿಳಿಯಿತು. ಅದನ್ನು ಕೈಕೆಳಗಿನವರಿಗೆ ಕೊಡದೆ ಆತನು ತಾನೇ ಕುಳಿತು ನೋಡಿದನು. ಕೂಡುವುದು ಕಳೆಯುವುದೆಲ್ಲ ಸರಿಯಾಗಿಯೇ ಇದ್ದಿತು. ಆದರೆ ಆಮ್ಲಜನಕ ಸಾರಜನಕಗಳ ಬಗೆಗೆ ಹಿಡಿದಿದ್ದ ಮೂಲ ಸೂತ್ರಗಳಿಗೆ ಅಷ್ಟು ಹೆಚ್ಚಿನ ಶಾಖದಲ್ಲಿ ಪ್ರಯೋಗದ ಆಧಾರವೇ ಇರಲಿಲ್ಲ. ಮರುದಿನ ಬಂದವನಿಗೆ ಅದನ್ನೇ ಹೇಳಿದನು: ಅಂಕಗಣಿತಕ್ಕೆ ತಾನು ಹೊಣೆ, ಸೂತ್ರಗಳಿಗೆ ಅಲ್ಲ. 1945ರ ಜುಲೈ 16ರಂದು ಸ್ಫೋಟ ನಡೆಯಿತು, ವಾಯು ಹೊತ್ತಲಿಲ್ಲ. ಆದರೆ ಆ ದಿನವನ್ನು ಆತನು ಕೊನೆಯವರೆಗೂ ಮರೆಯಲಿಲ್ಲ. ವೋಚರಿಗೂ ಲೆಡ್ಜರಿಗೂ ತಾಳೆ ನೋಡಿ ಕೆಂಪು ಗುರುತು ಹಾಕುವ ನಮಗೂ ಇಷ್ಟೇ ಗೊತ್ತು: ಎರಡೂ ಒಂದೇ ಆಗಿವೆ, ವೋಚರೇ ಸುಳ್ಳಾಗಿದ್ದರೆ ನಮ್ಮ ಗುರುತು ಅದನ್ನು ಹಿಡಿಯಲಾರದು.

ಇನ್ನೊಂದು ತಮಾಷೆಯ ಸಂಗತಿ. 1946ರಲ್ಲಿ ಲಾಸ್ ಅಲಾಮೋಸ್ ಬಿಟ್ಟು ಹೊರಡುವಾಗ ಪ್ರಯಾಣಕ್ಕೆಂದು ಆತನು ಸಹೋದ್ಯೋಗಿಯಾದ ಕ್ಲಾಸ್ ಫುಕ್ಸ್ ಎಂಬವನ ಹಳೆಯ ಕಾರನ್ನು ಕೊಂಡನು. ಕೆಲವು ವರ್ಷಗಳ ನಂತರ ಅದನ್ನು ಮಾರಿದನು. ಮಾರಿದ ಕೆಲವೇ ವಾರಗಳಲ್ಲಿ ಫುಕ್ಸನು ರಷ್ಯದ ಗೂಢಚಾರನೆಂದು ಬಯಲಾಯಿತು! ಪೊಲೀಸರು ಬಂದು ಹ್ಯಾಮಿಂಗನನ್ನು ವಿಚಾರಣೆ ಮಾಡಿದರು. ತಪ್ಪಿಲ್ಲದ ಕಡೆಯಲ್ಲಿಯೂ ತಾಳೆ ನೋಡುವವರು ಇರುತ್ತಾರೆ.

ಆತನು ಹೋಗಿ ಸೇರಿದ್ದು ನ್ಯೂಜೆರ್ಸಿಯ ಬೆಲ್ ಟೆಲಿಫೋನ್ ಪ್ರಯೋಗಾಲಯಕ್ಕೆ. ಟ್ರಾನ್ಸಿಸ್ಟರು 1947ರಲ್ಲಿ ಹುಟ್ಟಿದ ಸ್ಥಳ ಅದು. ಸಂದೇಶಶಾಸ್ತ್ರದ ಪಿತಾಮಹನೆನಿಸಿದ ಕ್ಲಾಡ್ ಷಾನನ್ ಅಲ್ಲಿಯೇ ಇದ್ದನು. ಸ್ವಲ್ಪ ಕಾಲ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿದ್ದರು. ಆ ಕಾಲದಲ್ಲಿ ಕಂಪನಿಗೆ ರಿಲೇಗಳಿಂದ ಮಾಡಿದ ದೊಡ್ಡ ಗಣಕಯಂತ್ರವಿದ್ದಿತು. ರಿಲೇ ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟಕಟಕ ಎಂದು ಏಳುತ್ತ ಬೀಳುತ್ತ ಇದ್ದ ವಿದ್ಯುತ್ ಕೊಂಡಿ. ಒಂದೇ ಯಂತ್ರದಲ್ಲಿ ಅಂಥವು 9,000ಕ್ಕೂ ಮೇಲ್ಪಟ್ಟು. ಯಂತ್ರಕ್ಕೆ ಒಂದು ಒಳ್ಳೆಯ ಗುಣವಿದ್ದಿತು. ಪ್ರತಿಯೊಂದು ಅಂಕಿಗೂ ಇಷ್ಟೇ ರಿಲೇಗಳು ಎದ್ದಿರಬೇಕೆಂಬ ಲೆಕ್ಕವಿದ್ದು, ಹೆಚ್ಚುಕಡಮೆಯಾದರೆ ಅದು ತಪ್ಪನ್ನು ಕಂಡುಕೊಂಡು ನಿಂತುಬಿಡುತ್ತಿತ್ತು. ವಾರದ ದಿನಗಳಲ್ಲಿ ಕಾವಲಿರುವವರು ಬಂದು ರಿಪೇರಿ ಮಾಡುತ್ತಿದ್ದರು. ಹ್ಯಾಮಿಂಗನಂಥ ಹೊಸಬನಿಗೆ ದೊರೆಯುತ್ತಿದ್ದುದು ಶನಿವಾರ ಭಾನುವಾರಗಳು ಮಾತ್ರ. ಆಗ ಕಾವಲಿಗೆ ಯಾರೂ ಇಲ್ಲ. ತಪ್ಪು ಸಿಕ್ಕಿದೊಡನೆ ಯಂತ್ರ ಆ ಲೆಕ್ಕವನ್ನು ಕೈಬಿಟ್ಟು ಮುಂದಿನವರ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು. 1947ರಲ್ಲಿ ಎರಡು ವಾರ ಒಂದರ ಹಿಂದೆ ಒಂದು ಹೀಗಾಯಿತು. ಸೋಮವಾರ ಬಂದು ನೋಡಿದರೆ ಆತನ ಕೆಲಸ ಶೂನ್ಯ. ಫಲಿತಾಂಶಕ್ಕಾಗಿ ಬೇರೆಯವರು ಕಾದು ಕುಳಿತಿದ್ದಾರೆ. ಸಿಟ್ಟು ನೆತ್ತಿಗೇರಿತು. ತಪ್ಪಾಯಿತೆಂಬುದನ್ನು ಯಂತ್ರ ತಿಳಿಯಬಲ್ಲುದಾದರೆ, ಎಲ್ಲಿ ತಪ್ಪಾಯಿತೆಂಬುದನ್ನೂ ತಿಳಿದು ತಾನೇ ಏಕೆ ತಿದ್ದಿಕೊಳ್ಳಬಾರದು? ಇಷ್ಟೇ ಆತನ ಪ್ರಶ್ನೆ. ಉಳಿದವರೂ ಸೋಮವಾರ ಬೆಳಿಗ್ಗೆ ಶಪಿಸಿಯೇ ಇದ್ದರು. ಈ ಪ್ರಶ್ನೆಯನ್ನು ಕೇಳಿಕೊಂಡವನು ಈತನೊಬ್ಬ.

ಉತ್ತರದ ಮೊದಲ ಮೆಟ್ಟಿಲು ನಮ್ಮ ಹಳೆಯ ಲೆಡ್ಜರಿನಲ್ಲಿಯೇ ಇದೆ. ಅಡ್ಡ ಮೂರು ಉದ್ದ ಮೂರು, ಒಂಬತ್ತು ಮನೆಗಳ ಒಂದು ತಖ್ತೆಯನ್ನು ಬರೆಯೋಣ. ಮೊದಲ ಸಾಲಿನಲ್ಲಿ 12, 25, 8, ಮೊತ್ತ 45. ಎರಡನೆಯದರಲ್ಲಿ 30, 14, 6, ಮೊತ್ತ 50. ಮೂರನೆಯದರಲ್ಲಿ 9, 11, 40, ಮೊತ್ತ 60. ಮೇಲಿನಿಂದ ಕೆಳಕ್ಕೆ ಕೂಡಿದರೆ 51, 50, 54. ಎರಡು ಕಡೆಯಿಂದಲೂ ಒಟ್ಟು 155. ಈಗ ಈ ತಖ್ತೆಯನ್ನು ನಕಲು ಮಾಡಿದವನು 14ರ ಬದಲು 41 ಎಂದು ಬರೆದನೆನ್ನಿ. ಎರಡನೆಯ ಸಾಲಿನ ಮೊತ್ತ 50ಕ್ಕೆ ಬದಲು 77 ಆಗುತ್ತದೆ. ಎರಡನೆಯ ಕಂಬದ ಮೊತ್ತವೂ 50ಕ್ಕೆ ಬದಲು 77. ಸಾಲೂ ಕಂಬವೂ ಕೂಡುವ ಮನೆಯೇ ತಪ್ಪಿನ ಮನೆ. ವ್ಯತ್ಯಾಸ 27, ಅದು ಒಂಬತ್ತರಿಂದ ಭಾಗವಾಗುವುದರಿಂದ ಅಂಕಿಗಳು ಹಿಂದುಮುಂದಾಗಿವೆಯೆಂದು ಹಳೆಯ ಗುಮಾಸ್ತೆಯರು ವಾಸನೆಯಿಂದಲೇ ಹೇಳಿಬಿಡುತ್ತಿದ್ದರು. 41ರಲ್ಲಿ 27 ಕಳೆದರೆ 14. ಮೂಲ ವೋಚರನ್ನು ನೋಡದೆಯೇ, ಯಾರನ್ನೂ ಮತ್ತೆ ಕೇಳದೆಯೇ ತಪ್ಪು ತಿದ್ದಿತು. ಹ್ಯಾಮಿಂಗನೂ ಮೊದಲು ಹಿಡಿದದ್ದು ಈ ಚೌಕದ ದಾರಿಯನ್ನೇ.

ಆದರೆ ಇದು ದುಂದು. ಒಂಬತ್ತು ಮನೆಗಳನ್ನು ಕಾಯಲು ಆರು ಮೊತ್ತಗಳು! ಚೌಕವನ್ನು ಬಿಟ್ಟು ತ್ರಿಕೋನ ಮಾಡಿ ನೋಡಿದನು, ಘನ ಮಾಡಿ ನೋಡಿದನು. ಕೆಲವು ವಾರಗಳಾದ ಮೇಲೆ ಕಂಪನಿಯ ಟಪಾಲು ಸಾಗಿಸುವ ಮೋಟಾರಿನಲ್ಲಿ ಕುಳಿತು ನ್ಯೂಯಾರ್ಕಿಗೆ ಹೋಗುತ್ತಿದ್ದಾಗ, ಇದಕ್ಕಿಂತ ಕಡಮೆ ಖರ್ಚಿನ ದಾರಿ ಇರಲೇಬೇಕೆಂದು ಚಿಂತಿಸತೊಡಗಿದನು. ಕೊನೆಗೆ ಕಂಡುಕೊಂಡ ಉಪಾಯವನ್ನು ನಮ್ಮ ಕಿರಾಣಿ ಅಂಗಡಿಯ ತಕ್ಕಡಿಯಿಂದ ವಿವರಿಸುತ್ತೇನೆ. ಒಂದು, ಎರಡು, ನಾಲ್ಕು ಸೇರಿನ ಮೂರೇ ಬಟ್ಟುಗಳಿದ್ದರೆ ಒಂದರಿಂದ ಏಳು ಸೇರಿನವರೆಗೆ ಯಾವುದನ್ನಾದರೂ ತೂಗಬಹುದು. ಐದಕ್ಕೆ ನಾಲ್ಕು ಮತ್ತು ಒಂದು; ಆರಕ್ಕೆ ನಾಲ್ಕು ಮತ್ತು ಎರಡು; ಏಳಕ್ಕೆ ಮೂರೂ. ಈಗ ಸೊನ್ನೆ ಅಥವಾ ಒಂದು ಬರೆಯುವ ಏಳು ಮನೆಗಳನ್ನು ಸಾಲಾಗಿ ಇಡೋಣ. 3, 5, 6, 7ನೆಯ ಮನೆಗಳಲ್ಲಿ ನಮ್ಮ ಸಂದೇಶ. 1, 2, 4ನೆಯ ಮನೆಗಳಲ್ಲಿ ಮೂವರು ಕಾವಲುಗಾರರು. ಯಾವ ಮನೆಯ ನಂಬರನ್ನು ತೂಗಲು ಯಾವ ಬಟ್ಟು ಬೇಕೋ ಆ ಕಾವಲುಗಾರನು ಆ ಮನೆಯನ್ನು ನೋಡಿಕೊಳ್ಳತಕ್ಕದ್ದು. ಹೀಗೆ ಒಂದರವನ ಪಾಲಿಗೆ 1, 3, 5, 7. ಎರಡರವನ ಪಾಲಿಗೆ 2, 3, 6, 7. ನಾಲ್ಕರವನ ಪಾಲಿಗೆ 4, 5, 6, 7. ಹುಣಿಸೆಬೀಜ ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಆಡುತ್ತಿದ್ದೆವಲ್ಲ, ಅದೇ ಆಟ: ಪ್ರತಿಯೊಬ್ಬನ ಪಾಲಿನಲ್ಲಿಯೂ ಒಂದುಗಳ ಎಣಿಕೆ ಸರಿಸಂಖ್ಯೆ ಆಗುವಂತೆ ಅವನು ತನ್ನ ಮನೆಯಲ್ಲಿ ಸೊನ್ನೆಯನ್ನೋ ಒಂದನ್ನೋ ತುಂಬುತ್ತಾನೆ. ದಾರಿಯಲ್ಲಿ ಐದನೆಯ ಮನೆ ಕೆಟ್ಟಿತೆನ್ನಿ. ಒಂದರವನೂ ನಾಲ್ಕರವನೂ ಎಣಿಕೆ ಬೆಸವಾಯಿತೆಂದು ದೂರುತ್ತಾರೆ, ಎರಡರವನು ಸುಮ್ಮನಿರುತ್ತಾನೆ. ದೂರಿದವರ ಬಟ್ಟುಗಳನ್ನು ಕೂಡಿದರೆ ಐದು. ತಪ್ಪಿನ ಮನೆಯ ನಂಬರು ತಾನಾಗಿಯೇ ಬಂದಿತು! ಮನೆ ಗೊತ್ತಾದರೆ ಸಾಕು. ಸೊನ್ನೆಯಿದ್ದರೆ ಒಂದು ಮಾಡುವುದು, ಒಂದಿದ್ದರೆ ಸೊನ್ನೆ. ಯಾರೂ ದೂರದಿದ್ದರೆ ಎಲ್ಲವೂ ಕ್ಷೇಮ.

ಇದಕ್ಕೂ ಒಂದು ಮಿತಿಯಿದೆ. 3 ಮತ್ತು 5 ಎರಡೂ ಒಟ್ಟಿಗೆ ಕೆಟ್ಟರೆ ಒಂದರವನಿಗೆ ಎಣಿಕೆ ಸರಿಯಾಗಿಯೇ ಕಾಣುತ್ತದೆ. ಎರಡರವನೂ ನಾಲ್ಕರವನೂ ದೂರುತ್ತಾರೆ. ಬೆರಳು ನಿರಪರಾಧಿಯಾದ 6ರ ಕಡೆ ತೋರುತ್ತದೆ. ಇದನ್ನು ತಡೆಯಲು ಒಟ್ಟು ಎಣಿಕೆಯನ್ನು ನೋಡುವ ಎಂಟನೆಯ ಮನೆಯೊಂದನ್ನು ಸೇರಿಸಿದನು. ಕಾವಲುಗಾರರು ದೂರುತ್ತಿದ್ದು ಒಟ್ಟು ಎಣಿಕೆ ಸರಿಯಾಗಿದ್ದರೆ ಎರಡು ತಪ್ಪಾಗಿವೆಯೆಂದು ತಿಳಿದು, ತಿದ್ದಲು ಕೈಹಾಕದೆ, ಮತ್ತೆ ಕಳುಹಿಸೆಂದು ಕೇಳಬೇಕು. ಸಂದೇಶ ಉದ್ದವಾದಷ್ಟೂ ಕಾವಲಿನ ಖರ್ಚು ಇಳಿಯುತ್ತದೆ. ನಾಲ್ಕು ಮನೆಗಳಿಗೆ ಮೂವರು ಬೇಕು; 64 ಮನೆಗಳಿಗೆ ಆ ಒಟ್ಟು ನೋಡುವವನೂ ಸೇರಿ ಎಂಟೇ ಮಂದಿ. ದೊಡ್ಡ ಕಂಪ್ಯೂಟರುಗಳ ಸ್ಮರಣಕೋಶಗಳಲ್ಲಿ 64ಕ್ಕೆ ಎಂಟರ ಈ ಕಾವಲು ರೂಢಿಯಾಯಿತು.

ಇಲ್ಲಿ ನಮ್ಮ ಕನ್ನಡದ ಮಾತೊಂದನ್ನು ಹೇಳದೆ ಇರಲಾರೆ. ಓಲೆಗರಿಯ ಕಾವ್ಯಗಳನ್ನು ಪರಿಷ್ಕರಿಸಿದ ವಿದ್ವಾಂಸರಿಗೆ ಲಿಪಿಕಾರನ ತಪ್ಪು ಹೇಗೆ ಗೊತ್ತಾಗುತ್ತಿತ್ತು? ಕಂದಪದ್ಯದಲ್ಲಿ ಮಾತ್ರೆಗಳ ಎಣಿಕೆ ಗೊತ್ತಾಗಿದೆ. ಒಂದು ಅಕ್ಷರ ಬಿಟ್ಟುಹೋದರೆ ಗಣ ಕೂಡುವುದಿಲ್ಲ. ಪಾದದ ಎರಡನೆಯ ಅಕ್ಷರ ಪ್ರಾಸದ್ದು. ಮೂರು ಪಾದಗಳಲ್ಲಿ ಒಂದು ವ್ಯಂಜನವಿದ್ದು ನಾಲ್ಕನೆಯದರಲ್ಲಿ ಇನ್ನೊಂದಿದ್ದರೆ, ತಪ್ಪಿನ ಮನೆಯೂ ಗೊತ್ತು, ತಿದ್ದುವ ಅಕ್ಷರವೂ ಬಹುಮಟ್ಟಿಗೆ ಗೊತ್ತು. ಛಂದಸ್ಸು ಕಿವಿಗೆ ಇಂಪು ಮಾತ್ರವೆಂದು ಶಾಲೆಯಲ್ಲಿ ನಾನು ತಿಳಿದಿದ್ದೆ. ಅದು ಕಾವಲೂ ಹೌದೆಂಬುದು ಹ್ಯಾಮಿಂಗನನ್ನು ಓದಿದ ಮೇಲೆ ಹೊಳೆಯಿತು.

ಕಂಡುಹಿಡಿದದ್ದನ್ನು ಪ್ರಕಟಿಸಲು ಆತನು ಬಹಳ ಕಾಯಬೇಕಾಯಿತು. ಕಂಪನಿಯವರು ಪೇಟೆಂಟು ಬೇಕೆಂದರು. ಗಣಿತದ ಸೂತ್ರಗಳಿಗೆ ಪೇಟೆಂಟು ಸಿಕ್ಕೀತೆಂದು ಹ್ಯಾಮಿಂಗನು ನಂಬಿರಲಿಲ್ಲ. ವಕೀಲರು ನಂಬಿದ್ದರು, ಅವರೇ ಗೆದ್ದರು. ಅಷ್ಟರಲ್ಲಿ ಷಾನನ್ ತನ್ನ 1948ರ ಮಹಾಪ್ರಬಂಧದಲ್ಲಿ ಹ್ಯಾಮಿಂಗನ ಏಳು ಮನೆಗಳ ಉದಾಹರಣೆಯನ್ನು ಆತನ ಹೆಸರು ಹೇಳಿಯೇ ಕೊಟ್ಟಿದ್ದನು. ಅದನ್ನು ನೋಡಿದ ಮಾರ್ಸೆಲ್ ಗೋಲೇ ಎಂಬ ವಿಜ್ಞಾನಿ ವಿಷಯವನ್ನು ಮುಂದಕ್ಕೆ ಬೆಳೆಸಿ 1949ರಲ್ಲಿ ಪುಟ್ಟ ಲೇಖನವನ್ನು ಅಚ್ಚುಹಾಕಿಸಿಬಿಟ್ಟನು. ಹ್ಯಾಮಿಂಗನ ಸ್ವಂತ ಲೇಖನ ಬೆಳಕು ಕಂಡದ್ದು 1950ರ ಏಪ್ರಿಲಿನಲ್ಲಿ. ಮೊದಲಿಗನು ಯಾರೆಂಬ ಚರ್ಚೆ ಇದರಿಂದ ಹುಟ್ಟಿಕೊಂಡಿತು. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಷಾನನ್‌ನ ಪುಟದಲ್ಲಿ ಹೆಸರು ಇದೆ.

ಈಗ ಆ ಸದಸ್ಯರ ಪ್ರಶ್ನೆಗೆ ಬರೋಣ. ಕಂಪ್ಯೂಟರುಗಳ ಜಾಲದಲ್ಲಿ ತಪ್ಪನ್ನು ಸರಿಪಡಿಸಲು ಎರಡು ದಾರಿಗಳಿವೆ. ಒಂದು, ಮತ್ತೆ ಕೇಳುವುದು. ಸಂದೇಶವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ಒಂದೊಂದಕ್ಕೂ ಕ್ರಮಸಂಖ್ಯೆಯನ್ನೂ ಭಾಗಾಕಾರದ ಶೇಷದಂಥ ಒಂದು ತಾಳೆಯ ಅಂಕಿಯನ್ನೂ ಹಚ್ಚಿ ಕಳುಹಿಸುತ್ತಾರೆ. ಪಡೆದವನು ತಾನೂ ಭಾಗಿಸಿ ನೋಡಿ, ಶೇಷ ಕೂಡದ ಕಟ್ಟನ್ನು ಎಸೆದುಬಿಡುತ್ತಾನೆ. ಕೂಡಿದ್ದಕ್ಕೆ ಮುಟ್ಟಿತೆಂದು ಉತ್ತರ ಕೊಡುತ್ತಾನೆ. ಉತ್ತರ ಬಾರದಿದ್ದರೆ ಕಳುಹಿಸಿದವನು ಸ್ವಲ್ಪ ಹೊತ್ತು ಕಾದು ಮತ್ತೆ ಕಳುಹಿಸುತ್ತಾನೆ. 1974ರಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು ಬರೆದ ಕ್ರಮದಿಂದ ಬೆಳೆದ ಇಂಟರ್‌ನೆಟ್ಟು ಈ ದಾರಿಯದು. ಇನ್ನೊಂದು ದಾರಿ ಹ್ಯಾಮಿಂಗನದು: ಮೊದಲೇ ಸ್ವಲ್ಪ ಹೆಚ್ಚು ಕಳುಹಿಸಿ, ಕೆಟ್ಟದ್ದನ್ನು ಪಡೆದವನೇ ತಿದ್ದಿಕೊಳ್ಳುವಂತೆ ಮಾಡುವುದು. ಕಡಲಿನ ಕೇಬಲ್ಲಿನಲ್ಲಿಯೂ ಮೊಬೈಲಿನ ಅಲೆಯಲ್ಲಿಯೂ ಈ ಎರಡನೆಯದು ಕೆಳಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದರ ಕೈಮೀರಿದ್ದನ್ನು ಮೇಲಿನವನು ಮತ್ತೆ ಕೇಳಿ ತರಿಸಿಕೊಳ್ಳುತ್ತಾನೆ. ಎರಡೂ ಸೋತಾಗ ಮಾತ್ರ ನಮಗೆ ಆ ತಿರುಗುವ ಚಕ್ರ ಕಾಣುತ್ತದೆ.

ಮತ್ತೆ ಕೇಳಲು ಆಗದ ಸ್ಥಳಗಳೂ ಇವೆಯೆಂಬುದು ನನಗೆ ಮನದಟ್ಟಾದದ್ದು ತಿರುವನಂತಪುರದಲ್ಲಿ. ಊರಿನ ಪಕ್ಕದ ತುಂಬಾದಿಂದ 1963ರ ನವೆಂಬರ್ 21ರಂದು ನಮ್ಮ ದೇಶದ ಮೊದಲ ಸಂಶೋಧನಾ ರಾಕೆಟ್ಟು ಹಾರಿತು. ಅಂಥ ರಾಕೆಟ್ಟು ಕೆಲವು ನಿಮಿಷ ಮೇಲಿದ್ದು ಕಡಲಿಗೆ ಬೀಳುತ್ತದೆ; ಅದು ಹೇಳುವುದನ್ನು ಹೇಳುವುದು ಒಂದೇ ಸಲ. ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿದಾಗ ಅದರ ದನಿ ಭೂಮಿಗೆ ಬರಲು ಸುಮಾರು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಅದಕ್ಕೆ ಕಿವಿಗೊಟ್ಟಿದ್ದ 32 ಮೀಟರಿನ ಆಂಟೆನಾ, ಕೇಳಿಸಲಿಲ್ಲ ಇನ್ನೊಮ್ಮೆ ಹೇಳು ಎಂದಿದ್ದರೆ ಉತ್ತರಕ್ಕೆ ಇಪ್ಪತ್ತನಾಲ್ಕು ನಿಮಿಷ ಕಾಯಬೇಕು. ಅಷ್ಟು ದೂರದಿಂದ ಬರುವ ಸಂದೇಶಕ್ಕೆ ತಿದ್ದುವ ಸಾಮಗ್ರಿಯನ್ನು ಕಟ್ಟಿಯೇ ಕಳುಹಿಸಬೇಕು. ದೂರದ ಮಾತೇಕೆ, ಎರ್ನಾಕುಳದ ಮೀನಿನಂಗಡಿಯಲ್ಲಿ ಮಳೆನೀರು ಬಿದ್ದು ಮೂಲೆ ಅಳಿಸಿಹೋದ ಕ್ಯೂಆರ್ ಹಾಳೆಯನ್ನು ಮೊಬೈಲು ಓದುತ್ತದಲ್ಲ! ಹ್ಯಾಮಿಂಗನ ಹತ್ತು ವರ್ಷಗಳ ನಂತರ, 1960ರಲ್ಲಿ, ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ರಚಿಸಿದ ಇನ್ನೂ ಬಲವಾದ ಸಂಕೇತ ಅದರಲ್ಲಿದೆ. ಅತಿ ಹೆಚ್ಚಿನ ಕಾವಲಿಟ್ಟು ಅಚ್ಚು ಮಾಡಿದ ಹಾಳೆಯಲ್ಲಿ ನೂರಕ್ಕೆ ಮೂವತ್ತರಷ್ಟು ಕೆಟ್ಟರೂ ಓದಬಹುದು.

ಹ್ಯಾಮಿಂಗನ ಮುಂದಿನ ಬಾಳನ್ನು ಬೇಗ ಹೇಳಿ ಮುಗಿಸಬಹುದು. ಮೂವತ್ತು ವರ್ಷ ಬೆಲ್ ಪ್ರಯೋಗಾಲಯದಲ್ಲಿ ದುಡಿದನು. 1968ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಆತನ ಹೆಸರಿನಲ್ಲಿಯೇ ಒಂದು ಪದಕವನ್ನು ಸ್ಥಾಪಿಸಿ ಅದರ ಮೊದಲನೆಯದನ್ನು ಆತನಿಗೇ ಕೊಟ್ಟರು. ಸ್ವಭಾವ ಮಾತ್ರ ಅಷ್ಟು ಮೃದುವಲ್ಲ. ಊಟದ ವೇಳೆ ರಸಾಯನಶಾಸ್ತ್ರಜ್ಞರ ಮೇಜಿಗೆ ಹೋಗಿ ಕುಳಿತು, ನಿಮ್ಮ ಶಾಸ್ತ್ರದಲ್ಲಿ ಅತಿ ಮುಖ್ಯವಾದ ಪ್ರಶ್ನೆಗಳು ಯಾವುವು ಎಂದು ಮೊದಲು ಕೇಳಿದನಂತೆ. ಅವರು ಹೇಳಿದರು. ಕೆಲವು ದಿನಗಳಾದ ಮೇಲೆ, ಹಾಗಾದರೆ ನೀವು ಅವನ್ನು ಬಿಟ್ಟು ಬೇರೆಯದನ್ನು ಮಾಡುತ್ತಿರುವುದೇಕೆ ಎಂದು ಕೇಳಿದನು. ಆಮೇಲೆ ಆ ಮೇಜಿನಲ್ಲಿ ಆತನಿಗೆ ಸ್ವಾಗತ ದೊರೆಯಲಿಲ್ಲ; ಇನ್ನೊಂದು ಮೇಜು ಹುಡುಕಿಕೊಳ್ಳಬೇಕಾಯಿತು. 1976ರಲ್ಲಿ ಪ್ರಯೋಗಾಲಯವನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ವಿದ್ಯಾಲಯದಲ್ಲಿ ಪಾಠ ಹೇಳಲು ಹೋದನು. ಸಂಶೋಧನೆಯಿಂದ ಕೈತೊಳೆದು ಎಳೆಯರಿಗೆ ಕಲಿಸುವುದರಲ್ಲಿಯೇ ಉಳಿದ ಇಪ್ಪತ್ತೊಂದು ವರ್ಷಗಳನ್ನು ಕಳೆದನು. 1997ರ ಡಿಸೆಂಬರಿನವರೆಗೂ ಪಾಠ ಮಾಡಿ, 1998ರ ಜನವರಿ 7ರಂದು ಅದೇ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡನು. ವಯಸ್ಸು 82.

ಕಾಸರಗೋಡಿನ ಆ ಹಿರಿಯರು ಗುಣಮುಖರಾಗಿ ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆ. ಮೊದಲು ಅವರು ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಮಗನಿಗೆ ತೋರಿಸಲೆಂದು ಔಷಧದ ಚೀಟಿಯ ಹಿಂಬದಿಯಲ್ಲಿ ಆ ಒಂಬತ್ತು ಮನೆಗಳ ತಖ್ತೆಯನ್ನು 41 ಹಾಕಿ ಬರೆದೆ, ಪಕ್ಕದಲ್ಲಿಯೂ ಕೆಳಗೂ ಮೊತ್ತಗಳನ್ನು ಬರೆದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮಂಚದ ಮೇಲೆ ಒರಗಿದ್ದ ಅವರು ಕೈ ಚಾಚಿ ನಡುವಿನ ಮನೆಯ ಮೇಲೆ ಬೆರಳಿಟ್ಟರು.